ದೊಡ್ಡ ಕೌದಿ ಬಸ್ಸಿಗೆ, ಚಿಕ್ಕ ಚಿತ್ರ ಮನೆಗೆ

ಪ್ರಶ್ನೆ: ಅಕ್ಕಾ, ನಮ್ಮದು ಪೊನ್ನಂಪೇಟೆ ಕಡೆ. ಯಜಮಾನರು ಸೇನೆಯಿಂದ ನಿವೃತ್ತರಾಗಿ ಈಗ ತೋಟ ನೋಡಿಕೊಳ್ಳುತ್ತಿದ್ದಾರೆ. ಮಗಳು ಬೆಂಗಳೂರಿನಲ್ಲಿ, ಅವಳಿಗೆ ಚಿಕ್ಕ ಮಗು. ತಿಂಗಳಿಗೆ ಎರಡು ಸಲ ಹೋಗಿ ಬರುತ್ತೇನೆ. ಮುಂದಿನ ಮೇ ತಿಂಗಳಲ್ಲಿ ಮಗನ ಬಳಿ ಕೆನಡಾಕ್ಕೂ ಹೋಗಲಿಕ್ಕಿದೆ. ನನ್ನ ಕೈಯಲ್ಲಿ ಎರಡು ಕೆಲಸ ಅರ್ಧಕ್ಕೆ ನಿಂತಿವೆ. ಒಂದು, ನಮ್ಮ ಐನ್‌ಮನೆಯ (ಕುಟುಂಬದ ಮೂಲ ಮನೆ) ಕ್ರಾಸ್ ಸ್ಟಿಚ್ ಚಿತ್ರ, ಹದಿನಾಲ್ಕು ಕೌಂಟ್ ಬಟ್ಟೆ, 10 ಇಂಚು ಅಗಲ, 14 ಇಂಚು ಉದ್ದ, ಮೂವತ್ತಾರು ಬಣ್ಣ. ಇನ್ನೊಂದು, ತೀರಿಹೋದ ಅಮ್ಮನ ಹತ್ತಿ ಸೀರೆಗಳ ಕ್ವಿಲ್ಟ್, ಅಂದರೆ ಕೌದಿ. 4 ಇಂಚಿನ ಚೌಕಗಳು, 108 ಜೋಡಿಸಿ ಆಗಿದೆ. ಚಿತ್ರ ಚಿಕ್ಕದು ಅಂತ ಪ್ರತಿ ಸಲ ಜೊತೆಗೆ ತೆಗೆದುಕೊಂಡು ಹೋಗುತ್ತೇನೆ. ಹೋದಲ್ಲಿ ನಾಲ್ಕು ಸಾಲು ಹೊಲಿದು, ವಾಪಸ್ ಬಂದು ಮೂರು ಸಾಲು ಬಿಚ್ಚುತ್ತೇನೆ. ಕ್ವಿಲ್ಟ್ ಮಂಚದ ಕೆಳಗೆ ಮೂರು ವರ್ಷದಿಂದ ಬಿದ್ದಿದೆ. ಒಂದನ್ನು ಬಿಟ್ಟುಬಿಡಲಾ? ಯಾವುದನ್ನು?

ಉತ್ತರ: ಒಂದನ್ನೂ ಬಿಡಬೇಡಿ. ಎರಡರ ಜಾಗ ಅದಲುಬದಲು ಮಾಡಿ. ಚಿತ್ರ ಮನೆಯಲ್ಲಿರಲಿ, ಕ್ವಿಲ್ಟ್ ನಿಮ್ಮ ಜೊತೆ ಬೆಂಗಳೂರಿಗೆ ಹೋಗಲಿ.

ಇದೇನಪ್ಪಾ, ಹಾಸಿಗೆಯಷ್ಟು ಅಗಲದ್ದನ್ನು ಬಸ್ಸಿಗೆ ಹೊತ್ತುಕೊಂಡು ಹೋಗು ಅಂತಾರಲ್ಲ ಅನ್ನಿಸಬಹುದು. ಮಡಿಕೇರಿಯಲ್ಲಿ ನನ್ನ ಹತ್ತಿರ ಕಸೂತಿ ಕಲಿಯಲು ಬರುವವರಲ್ಲಿ ಅರ್ಧಕ್ಕರ್ಧ ಜನ ನಿಮ್ಮ ಹಾಗೇ ಓಡಾಡುವವರು. ಸೇನೆಯಲ್ಲಿರುವವರ ಹೆಂಡತಿಯರು, ಮೊಮ್ಮಕ್ಕಳನ್ನು ನೋಡಿಕೊಳ್ಳಲು ಹೋಗುವ ಅಜ್ಜಿಯರು, ವಾರಕ್ಕೊಮ್ಮೆ ಮೈಸೂರಿಗೆ ಹೋಗುವ ಟೀಚರುಗಳು. ಎಲ್ಲರೂ ಮಾಡುವ ತಪ್ಪು ಒಂದೇ. ಬ್ಯಾಗಿಗೆ ಯಾವುದು ಹಿಡಿಸುತ್ತದೆ ಅಂತ ನೋಡುತ್ತಾರೆ. ತಲೆಗೆ ಯಾವುದು ಹಿಡಿಸುತ್ತದೆ ಅಂತ ನೋಡುವುದಿಲ್ಲ.

ನಿಮ್ಮ ಚಿತ್ರದ ಲೆಕ್ಕ ನೋಡಿ. ಹದಿನಾಲ್ಕು ಕೌಂಟ್ ಅಂದರೆ ಇಂಚಿಗೆ 14 ಚೌಕ. ಅಗಲಕ್ಕೆ 140, ಉದ್ದಕ್ಕೆ 196. ಒಟ್ಟು 27,440 ಹೊಲಿಗೆ. ಅದರಲ್ಲಿ ಪ್ರತಿಯೊಂದಕ್ಕೂ ಚಾರ್ಟ್ ನೋಡಬೇಕು, ಎಣಿಸಬೇಕು, ಮೂವತ್ತಾರರಲ್ಲಿ ಯಾವ ಬಣ್ಣ ಅಂತ ಹುಡುಕಬೇಕು. ಐನ್‌ಮನೆಯ ಕಂಬಗಳಲ್ಲೇ ನಾಲ್ಕೈದು ಬಗೆಯ ಕಂದು ಇರುತ್ತದೆ, ಹೆಂಚಿಗೆ ಇನ್ನೂ ಮೂರು. ಬಸ್ಸಿನ ಬೆಳಕಿನಲ್ಲಿ ಕಾಫಿಪುಡಿ ಕಂದಿಗೂ ಅದಕ್ಕಿಂತ ಒಂದು ಮೆಟ್ಟಿಲು ತಿಳಿಯಾದ ಕಂದಿಗೂ ವ್ಯತ್ಯಾಸ ಯಾರಿಗೆ ಗೊತ್ತಾಗುತ್ತದೆ? ಮಗು ಅತ್ತಿತು, ಎದ್ದು ಹೋದಿರಿ, ಬಂದು ಕೂತಾಗ ಹದಿನೇಳೋ ಹದಿನೆಂಟೋ ಮರೆತುಹೋಗಿದೆ. ಒಂದು ಚೌಕ ತಪ್ಪಿದರೆ ಅದರ ಮೇಲಿನದೆಲ್ಲ ತಪ್ಪು. ನೀವು ಬಿಚ್ಚುವ ಮೂರು ಸಾಲು ನಿಮ್ಮ ಕೈಯ ತಪ್ಪಲ್ಲ. ಆ ಕೆಲಸ ಆ ಜಾಗದ್ದಲ್ಲ, ಅಷ್ಟೇ.

ಇದನ್ನು ನಾನು ಕಲಿತದ್ದು 2018ರ ಆಗಸ್ಟ್‌ನಲ್ಲಿ. ಸುಳ್ಯದಲ್ಲಿ ತಂಗಿಯ ಮನೆಗೆ ಎರಡು ದಿನಕ್ಕೆಂದು ಹೋಗಿದ್ದೆ. ಗುಡ್ಡ ಕುಸಿದು ಸಂಪಾಜೆ ಘಾಟಿ ರಸ್ತೆ ಮುಚ್ಚಿತು. ಮಡಿಕೇರಿಯಲ್ಲಿ ಮನೆ ಏನಾಗಿದೆಯೋ, ಜೋಡುಪಾಲದ ಕಡೆಯ ಪರಿಚಯದವರು ಎಲ್ಲಿದ್ದಾರೋ, ಫೋನ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಕೈ ಸುಮ್ನೆ ಇರಲಿಕ್ಕೆ ಆಗುತ್ತಿರಲಿಲ್ಲ. ಚೀಲದಲ್ಲಿ ಒಂದು ಕಸೂತಿ ಕುಪ್ಪಸದ ಬಟ್ಟೆ ಇತ್ತು, ಗವಂತಿ ಹೊಲಿಗೆ. ಗವಂತಿ ಹಾಕಿದವರಿಗೆ ಗೊತ್ತು, ಒಂದು ದಾರಿಯಲ್ಲಿ ಹೋಗಿ ಅದೇ ದಾರಿಯಲ್ಲಿ ಖಾಲಿ ತುಂಬುತ್ತ ವಾಪಸ್ ಬರಬೇಕು. ಗಂಟಿಲ್ಲ, ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಹೋಗುವಾಗ ಒಂದು ಎಳೆ ಎಣಿಕೆ ತಪ್ಪಿದರೂ ಬರುವ ದಾರಿ ಕೂಡುವುದಿಲ್ಲ. ನಾನು ಆ ಒಂದೇ ಗೋಪುರದ ಚಿತ್ತಾರವನ್ನು ಮೂರು ಸಲ ಹಾಕಿ ಮೂರು ಸಲ ಬಿಚ್ಚಿದೆ. ಬಟ್ಟೆ ಜಾಳಾಗಿ ಹೋಯಿತು.

ತಂಗಿಯ ಯಜಮಾನರು ಮೇಜಿನ ಖಾನೆಯಲ್ಲಿ ಹಳೆಯ ಮದುವೆ ಕಾರ್ಡುಗಳ ಕಟ್ಟು ಇಟ್ಟಿದ್ದರು. ಅದನ್ನು ಕತ್ತರಿಸಿ 2 ಇಂಚಿನ ಬದಿಯ ಷಟ್ಕೋನಗಳನ್ನು ಮಾಡಿಕೊಂಡೆ. ತಂಗಿ ಎರಡು ಹಳೆಯ ಸೀರೆ ಕೊಟ್ಟಳು. ಕಾರ್ಡಿನ ಮೇಲೆ ಬಟ್ಟೆ ಇಡು, ಅಂಚು ಮಡಚು, ಕಚ್ಚಾ ಹೊಲಿಗೆ ಹಾಕು. ಒಂದಕ್ಕೆ ಮೂರು ನಿಮಿಷ. ಎಣಿಸುವುದು ಏನೂ ಇಲ್ಲ. ಟಿವಿಯಲ್ಲಿ ಸುದ್ದಿ ನೋಡುತ್ತ, ಫೋನ್ ಬಂದರೆ ಓಡಿಹೋಗಿ ಮಾತಾಡಿ ಬಂದು, ಬಿಟ್ಟಲ್ಲಿಂದ ಮುಂದಕ್ಕೆ. ಮನೆಗೆ ಬರುವ ಹೊತ್ತಿಗೆ ಒಂದು ಬಿಸ್ಕತ್ ಡಬ್ಬಿ ತುಂಬ ಷಟ್ಕೋನ ಇತ್ತು. ಅದರಲ್ಲಿ ಒಂದೂ ತಪ್ಪಿರಲಿಲ್ಲ. ಮನಸ್ಸು ಎಣಿಸಲಾರದ ಹೊತ್ತಿನಲ್ಲೂ ಕೈ ಮಾಡಿದ್ದನ್ನೇ ಮಾಡಬಲ್ಲದು ಅಂತ ಅವತ್ತು ತಿಳಿಯಿತು.

ಹಾಗಾಗಿ ಕೆಲಸವನ್ನು ದೊಡ್ಡದು ಚಿಕ್ಕದು ಅಂತ ನೋಡಬೇಡಿ. ಎಣಿಕೆಯದು, ಎಣಿಕೆ ಇಲ್ಲದ್ದು ಅಂತ ನೋಡಿ. ಎಣಿಕೆಯದು ಮನೆಗೆ. ಮಾಡಿದ್ದನ್ನೇ ಮಾಡುವುದು ದಾರಿಗೆ. ಕ್ವಿಲ್ಟ್ ದೊಡ್ಡದಾಗುವುದು ಕೊನೆಯಲ್ಲಿ ಮಾತ್ರ. ಅದಕ್ಕೆ ಮೊದಲು ಅದು ಬರೀ ಅಂಗೈಯಷ್ಟು ಬಟ್ಟೆಯ ತುಂಡುಗಳು, ಅಲ್ವಾ?

ಈಗ ನಿಮ್ಮ ಕ್ವಿಲ್ಟಿನ ಲೆಕ್ಕಕ್ಕೆ ಬರೋಣ. 4 ಇಂಚಿನ ಚೌಕದಲ್ಲಿ ಸುತ್ತ ಕಾಲು ಇಂಚು ಹೊಲಿಗೆಗೆ ಹೋದರೆ ಉಳಿಯುವುದು ಮೂರೂವರೆ ಇಂಚು. ಒಂಬತ್ತು ಚೌಕ ಜೋಡಿಸಿದರೆ ಹತ್ತೂವರೆ ಇಂಚಿನ ಒಂದು ಬ್ಲಾಕ್. ಅಗಲಕ್ಕೆ 6, ಉದ್ದಕ್ಕೆ 8 ಬ್ಲಾಕ್ ಇಟ್ಟರೆ 63 ಇಂಚು ಅಗಲ, 84 ಇಂಚು ಉದ್ದ. ಒಬ್ಬರು ಬೆಚ್ಚಗೆ ಹೊದೆಯಲು ಸರಿಯಾದ ಅಳತೆ. ಒಟ್ಟು 48 ಬ್ಲಾಕ್. ನೀವು ಜೋಡಿಸಿರುವ 108 ಚೌಕ ಅಂದರೆ 12 ಬ್ಲಾಕಿನಷ್ಟು. ಅಡ್ಡಕ್ಕೆ 9, ಉದ್ದಕ್ಕೆ 12 ಚೌಕ ಹಾಕಿದ್ದರೆ ಸರಿಯಾಗಿ ಕಾಲು ಭಾಗ ಮುಗಿದಿದೆ. ಇನ್ನು 36 ಬ್ಲಾಕ್ ಬೇಕು.

ಜೋಡಿಸಿದ ಆ ಕಾಲು ಭಾಗಕ್ಕೆ ಇನ್ನು ಒಂದು ಚೌಕವನ್ನೂ ಸೇರಿಸಬೇಡಿ. ಅದನ್ನು ಹಾಗೇ ಸುತ್ತಿ ಇಡಿ. ಒಂದೇ ತುಂಡನ್ನು ಬೆಳೆಸುತ್ತ ಹೋಗುವುದರಿಂದಲೇ ಕ್ವಿಲ್ಟ್‌ಗಳು ಮಂಚದ ಕೆಳಗೆ ಸೇರುವುದು. ಉಳಿದ 324 ಚೌಕವನ್ನು ಒಂದು ಬಿಡುವಿನ ಮಧ್ಯಾಹ್ನ ಮನೆಯ ನೆಲದ ಮೇಲೆ ಹರಡಿ. ಯಾವ ಸೀರೆಯ ಪಕ್ಕ ಯಾವುದು ಬರಬೇಕು ಅಂತ ಅಲ್ಲೇ ತೀರ್ಮಾನ ಮಾಡಿ. ಅದು ಕಣ್ಣಿನ ಕೆಲಸ, ಹಗಲು ಬೆಳಕಲ್ಲಿ ಆಗಬೇಕು. ಆಮೇಲೆ ಒಂಬತ್ತೊಂಬತ್ತರಂತೆ ಒಂದರ ಮೇಲೊಂದು ಇಟ್ಟು, ಒಂದು ಪಿನ್ ಚುಚ್ಚಿ, ಮೇಲಿನ ಚೌಕದ ಮೂಲೆಗೆ ನಂಬರ್ ಬರೆದ ಚೀಟಿ ಸಿಕ್ಕಿಸಿ. ಹೀಗೆ 36 ಪೊಟ್ಟಣ. ಪೊಟ್ಟಣದ ಒಳಗಿನ ಕ್ರಮ ಯಾವಾಗಲೂ ಒಂದೇ ಇರಲಿ. ಮೊದಲ ಮೂರು ಮೇಲಿನ ಸಾಲು, ನಂತರದ ಮೂರು ನಡುವಿನದು, ಕೊನೆಯ ಮೂರು ಕೆಳಗಿನದು. ಬಸ್ಸಿನಲ್ಲಿ ಯೋಚನೆ ಮಾಡುವುದು ಏನೂ ಉಳಿಯಬಾರದು.

ಒಂದು ಬ್ಲಾಕಿನಲ್ಲಿ ಹೊಲಿಗೆ ಎಷ್ಟು? ಮೂರೂವರೆ ಇಂಚಿನವು ಆರು, ಹತ್ತೂವರೆ ಇಂಚಿನವು ಎರಡು. ಒಟ್ಟು 42 ಇಂಚು ಸಾದಾ ರನ್ನಿಂಗ್ ಹೊಲಿಗೆ. ಇಂಚಿಗೆ ಏಳೆಂಟು ಹೊಲಿಗೆ ಬಿದ್ದರೆ ಸಾಕು, ಪ್ರತಿ ಇಂಚಿಗೊಮ್ಮೆ ಒಂದು ಹಿಂದಕ್ಕೆ ಹೊಲಿಗೆ ಹಾಕಿ ಬಿಗಿ ಮಾಡಿ. ದಾರ ಒಂದು ಮೊಳಕ್ಕಿಂತ ಜಾಸ್ತಿ ಬೇಡ. ಉದ್ದ ಹಾಕಿಕೊಂಡರೆ ಪದೇ ಪದೇ ಬಟ್ಟೆಯೊಳಗೆ ಎಳೆದು ದಾರ ನುಲಿದು ಹೋಗುತ್ತದೆ, ಪಕ್ಕದ ಸೀಟಿನವರಿಗೆ ಮೊಣಕೈಯೂ ತಾಗುತ್ತದೆ. ಕೈ ಪಳಗಿದ ಮೇಲೆ ಬ್ಲಾಕಿಗೆ ಸುಮಾರು ಒಂದು ಗಂಟೆ. ಒಂದು ಸಲ ಹೋಗಿ ಬರುವುದಕ್ಕೆ ಮೂರು ಪೊಟ್ಟಣ ಇಟ್ಟುಕೊಳ್ಳಿ. ತಿಂಗಳಿಗೆ ಎರಡು ಸಲ, ಅಂದರೆ ಆರು. ಆರು ತಿಂಗಳಲ್ಲಿ 36 ಮುಗಿಯಿತು.

ಮೂರಕ್ಕಿಂತ ಜಾಸ್ತಿ ಯಾವತ್ತೂ ಬೇಡ. ಅಮ್ಮನ ಸೀರೆ ಇನ್ನೊಂದು ಸಲ ಸಿಗುವುದಿಲ್ಲ. ಬ್ಯಾಗ್ ಕಳೆದರೆ ಇಪ್ಪತ್ತೇಳು ಚೌಕ ಹೋದೀತು, ಪೂರ್ತಿ ಹೋಗಬಾರದು.

ದಾರಿಯಲ್ಲಿ ಎಲ್ಲಿ ಹೊಲಿಯಬೇಕು ಅನ್ನುವುದಕ್ಕೂ ಒಂದು ನಿಯಮ ಮಾಡಿಕೊಳ್ಳಿ. ಗೋಣಿಕೊಪ್ಪದಿಂದ ತಿತಿಮತಿ ದಾಟಿ ಆನೆಚೌಕೂರಿನ ಕಾಡು ರಸ್ತೆ ಮುಗಿಯುವವರೆಗೆ ಸೂಜಿ ಹೊರಗೆ ತೆಗೆಯಬೇಡಿ. ಹಂಪ್ ಬಂದಾಗ ಬಸ್ ಎಗರುತ್ತದೆ, ಸೂಜಿ ಬೆರಳಿಗೆ ಇಳಿಯುತ್ತದೆ. ಕಾಡು ನೋಡಿಕೊಂಡು ಕೂರಿ. ಘಾಟಿಯಲ್ಲಂತೂ ಯಾರೂ ಹೊಲಿಯಬಾರದು. ಮಾಕುಟ್ಟದ ಕಡೆ ಇಳಿಯುವಾಗ ಒಮ್ಮೆ ತಲೆ ತಗ್ಗಿಸಿ ಹೊಲಿದು ನನಗೆ ವಾಂತಿ ಬಂದು, ಮಡಿಲಲ್ಲಿದ್ದ ಬಟ್ಟೆಯೂ ಹಾಳಾಯಿತು. ಹುಣಸೂರು ದಾಟಿದ ಮೇಲೆ ರಸ್ತೆ ಸರಾಗ, ಒಂದು ಸಾಲು ಮಾಡಬಹುದು. ಎಲ್ಲಕ್ಕಿಂತ ಒಳ್ಳೆಯದು ಮೈಸೂರಿನಿಂದ ರೈಲು ಹಿಡಿಯುವುದು. ಬೆಂಗಳೂರಿಗೆ ಸುಮಾರು 140 ಕಿಲೋಮೀಟರ್, ಎರಡೂ ಚಿಲ್ಲರೆ ಗಂಟೆ, ಕುಲುಕಾಟ ಕಮ್ಮಿ, ಕಿಟಕಿಯಿಂದ ಬೆಳಕು. ಆ ಹೊತ್ತಿನಲ್ಲಿ ಆರಾಮಾಗಿ ಒಂದು ಬ್ಲಾಕ್ ಆಗುತ್ತದೆ. ಕಾಲು ಗಂಟೆಗೊಮ್ಮೆ ತಲೆ ಎತ್ತಿ ದೂರ ನೋಡಿ. ಕುತ್ತಿಗೆ ನೋವು ಶುರುವಾದ ಮೇಲೆ ನಿಲ್ಲಿಸುವುದಲ್ಲ, ಮೊದಲೇ ನಿಲ್ಲಿಸಬೇಕು.

ಸಾಮಾನು ಇಡಲು ಹಳೆಯ ಕನ್ನಡಕದ ಡಬ್ಬಿ ಸಾಕು. ಗಟ್ಟಿ ಇರುತ್ತದೆ, ಟಪ್ಪಂತ ಮುಚ್ಚಿಕೊಳ್ಳುತ್ತದೆ. ಮುಚ್ಚಳದ ಒಳಗೆ ಫ್ರಿಜ್ ಬಾಗಿಲಿಗೆ ಅಂಟಿಸುವ ಚಿಕ್ಕ ಅಯಸ್ಕಾಂತ ಒಂದನ್ನು ಅಂಟಿಸಿ, ಸೂಜಿ ಅದಕ್ಕೆ ಕಚ್ಚಿಕೊಂಡು ಇರುತ್ತದೆ. ಮೂರು ಸೂಜಿ, ಒಂದು ಉಂಡೆ ಬಿಳಿ ಕಾಟನ್ ದಾರ, ಸೂಜಿಗೆ ದಾರ ಪೋಣಿಸುವ ತಂತಿ, ಬೆರಳಿನ ಟೋಪಿ, ಮೊಂಡು ತುದಿಯ ಚಿಕ್ಕ ಕತ್ತರಿ. ಇಷ್ಟೇ. ಕ್ವಿಲ್ಟ್ ಹೊಲಿಯಲು ಗಿಡ್ಡ ಸೂಜಿ ಬರುತ್ತದೆ, 9 ಅಥವಾ 10 ನಂಬರಿನದು. ನಂಬರ್ ಜಾಸ್ತಿಯಾದಷ್ಟೂ ಸೂಜಿ ಸಣ್ಣ. ನಿಮ್ಮ ವಯಸ್ಸಿನ ಕಣ್ಣಿಗೆ 9 ಸಾಕು.

ಮೂರು ಸೂಜಿ ಹೋದರೆ ಮೂರು ಸೂಜಿ ವಾಪಸ್ ಬರಬೇಕು. ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ, ಮಗು ಇರುವ ಮನೆಗೆ ಹೋಗುತ್ತೀರಿ ಅಂತ. ನನ್ನ ಮೊಮ್ಮಗಳು ತೆವಳುವ ವಯಸ್ಸಿನಲ್ಲಿ ನನ್ನದೊಂದು ಸೂಜಿ ಸೋಫಾದ ಸಂದಿಯಲ್ಲಿ ಬಿದ್ದಿತ್ತು. ರಾತ್ರಿ ಹನ್ನೊಂದು ಗಂಟೆಗೆ ಲೆಕ್ಕ ಹಾಕಿದಾಗ ಎರಡೇ ಇದ್ದವು. ಟಾರ್ಚ್ ಹಿಡಿದು, ಸೋಫಾದ ದಿಂಬೆಲ್ಲ ಕಿತ್ತು, ಕೊನೆಗೆ ಅಯಸ್ಕಾಂತ ಉಜ್ಜಿದಾಗ ಟಿಕ್ ಅಂತ ಕಚ್ಚಿಕೊಂಡು ಬಂತು. ಆ ಶಬ್ದ ಈಗಲೂ ಕಿವಿಯಲ್ಲಿದೆ. ಅಂದಿನಿಂದ ಡಬ್ಬಿ ಮುಚ್ಚುವ ಮೊದಲು ಸೂಜಿ ಎಣಿಸದೆ ನಾನು ಎದ್ದಿಲ್ಲ.

"ಬಂದಾಗಲೂ ಸೂಜಿ ಹಿಡ್ಕೊಂಡೇ ಕೂರ್ತೀಯಲ್ಲಮ್ಮಾ" ಅಂತ ಮಗಳು ಅನ್ನುತ್ತಾಳೆ ಅಂತ ನೀವು ಬರೆದಿಲ್ಲ. ಆದರೆ ನನಗೆ ಬರುವ ಅನೇಕ ಪತ್ರಗಳಲ್ಲಿ ಅದು ಇರುತ್ತದೆ. ಚಾರ್ಟ್ ನೋಡಿಕೊಂಡು ಹದಿನಾರು, ಹದಿನೇಳು ಅಂತ ಎಣಿಸುವಾಗ ಯಾರಾದರೂ ಮಾತಾಡಿಸಿದರೆ ನಾವು ಕೈ ಅಡ್ಡ ಹಿಡಿಯುತ್ತೇವೆ. ಎದುರಿಗೆ ಕೂತವರಿಗೆ ಅದು ಎಷ್ಟು ನೋವು ಕೊಡುತ್ತದೆ! ಒಂಬತ್ತು ಚೌಕದ ಬ್ಲಾಕ್ ಹಾಗಲ್ಲ. ಮಗಳ ಮುಖ ನೋಡುತ್ತಲೇ ಹೊಲಿಯಬಹುದು. ಅವಳು ಅಜ್ಜಿಯ ಸೀರೆ ಗುರುತು ಹಿಡಿದು "ಇದು ಹುತ್ತರಿ ದಿನ ಉಡ್ತಿದ್ದದ್ದಲ್ವಾ" ಅಂತ ಕೇಳಬಹುದು. ಕ್ವಿಲ್ಟನ್ನು ದಾರಿಗೆ ಕೊಡಿ ಅಂತ ನಾನು ಹೇಳಲು ಇದೂ ಒಂದು ದೊಡ್ಡ ಕಾರಣ.

ನಿಮ್ಮ ಯಜಮಾನರಿಗೂ ಒಂದು ವಿಷಯ ಹೇಳಿ, ಅವರಿಗೆ ಇಷ್ಟವಾದೀತು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಫ್ರಾನ್ಸಿಸ್ ಬ್ರೇಲಿ ಎಂಬ ಸಾಮಾನ್ಯ ಸಿಪಾಯಿ ಹೊಲಿದ ಒಂದು ಹೊದಿಕೆ ಇದೆ. ಬ್ರಿಟಿಷ್ ಸೇನೆಯಲ್ಲಿದ್ದ ಆತ 1864ರಿಂದ 1877ರ ನಡುವೆ ಭಾರತದಲ್ಲಿದ್ದಾಗ ಉಣ್ಣೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಮಾಡಿದ್ದು. ಆ ಕಾಲದಲ್ಲಿ ಎಷ್ಟೋ ಸಿಪಾಯಿಗಳು ಸಮವಸ್ತ್ರದ ಬಟ್ಟೆಯ ಚೂರುಗಳಲ್ಲಿ ಹೀಗೆ ಹೊಲಿಯುತ್ತಿದ್ದರು. ಒಂದು ಊರಲ್ಲಿ ನಿಲ್ಲದ ಬದುಕು ಅವರದು, ಗಂಟು ಕಟ್ಟಿಕೊಂಡು ಹೋಗಬೇಕು. ಅವರು ಆರಿಸಿದ್ದು ತುಂಡು ತುಂಡಾಗಿ ಒಯ್ಯಬಹುದಾದ ಕೆಲಸವನ್ನೇ. ನಮ್ಮ ಯಜಮಾನರ ವರ್ಗಾವಣೆಯ ವರ್ಷಗಳಲ್ಲಿ ಈ ಸಂಗತಿ ನನಗೆ ಗೊತ್ತಿದ್ದಿದ್ದರೆ ಎಷ್ಟೋ ಅರ್ಧ ಮುಗಿದ ಬಟ್ಟೆಗಳನ್ನು ಊರೂರಲ್ಲಿ ಬಿಟ್ಟು ಬರುತ್ತಿರಲಿಲ್ಲ.

ಸಿದ್ದಿ ಸಮುದಾಯದ ಹೆಂಗಸರ ಕವಂದಿ, ಅಂದರೆ ಅವರ ಕೌದಿ, ಹೊಲಿಯುವ ಆಸೆ ಕೆಲವರಿಗೆ ಇರುತ್ತದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆ ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ನೋಡಲು ಬಹಳ ಚೆಂದ. ಆದರೆ ಅದು ಶುರುವಿನಿಂದಲೇ ಪೂರ್ತಿ ಅಗಲದ ಬಟ್ಟೆ, ಮನೆಯ ಜಗುಲಿಯಲ್ಲಿ ಕೂತು ಮಾಡುವಂಥದ್ದು. ದಾರಿಗೆ ಅಲ್ಲ.

ಈಗ ಐನ್‌ಮನೆಯ ಚಿತ್ರ. ಇದಕ್ಕೆ ಕಾಲ ಮಳೆಗಾಲ. ನಮ್ಮಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು, ಕಣ, ಕೆಲಸದವರ ಊಟ ತಿಂಡಿ. ಆಗ ಮನೆಯಲ್ಲೇ ಇರುತ್ತೀರಿ, ಆದರೆ ಕೈ ಬಿಡುವಿರುವುದಿಲ್ಲ. ಏಪ್ರಿಲ್, ಮೇ ಮದುವೆಗಳು. ಆ ತಿಂಗಳುಗಳಲ್ಲಿ ಚಿತ್ರ ಮುಟ್ಟಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಜೂನ್ ಎರಡನೇ ವಾರದಿಂದ ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತ ಹಬ್ಬದವರೆಗೆ ಚಿತ್ರದ ದಿನಗಳು. ಹೊರಗೆ ಹೋಗಲಾಗದ ಮಧ್ಯಾಹ್ನಗಳು ಆಗ ಸಿಗುತ್ತವೆ. ಗಂಟೆಗೆ ನೂರು ಹೊಲಿಗೆ ಅಂದರೂ ದಿನಕ್ಕೆ ಎರಡು ಗಂಟೆಯಂತೆ ಎಂಬತ್ತು ದಿನದಲ್ಲಿ 16,000 ಹೊಲಿಗೆ.

ಮಳೆಗಾಲದ ಕಷ್ಟ ಎರಡು. ಒಂದು ಬೆಳಕು. ಮಧ್ಯಾಹ್ನ ಮೂರಕ್ಕೇ ಮಬ್ಬು, ಮೇಲೆ ಕರೆಂಟ್ ಹೋಗುತ್ತದೆ. ಚಾರ್ಜ್ ಮಾಡುವ ಬಿಳಿ ಬೆಳಕಿನ ದೀಪವನ್ನು ಎಡಗಡೆ ಇಟ್ಟುಕೊಳ್ಳಿ, ಬಲಗೈಯ ನೆರಳು ಬಟ್ಟೆ ಮೇಲೆ ಬೀಳುವುದಿಲ್ಲ. ಹಳದಿ ಬೆಳಕಲ್ಲಿ ಕಂದುಗಳು ಒಂದಾಗಿ ಕಾಣುತ್ತವೆ. ಎರಡನೆಯದು ಬೂಷ್ಟು. ಧೂಳು ಬೀಳಬಾರದು ಅಂತ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಇಡುತ್ತೇವಲ್ಲ, ಅದೇ ತಪ್ಪು. ತೇವ ಒಳಗೇ ನಿಂತು ಹದಿನೈದು ದಿನದಲ್ಲಿ ಕರಿ ಚುಕ್ಕೆ ಬರುತ್ತದೆ. ಐಡಾ ಬಟ್ಟೆಯ (ಕ್ರಾಸ್ ಸ್ಟಿಚ್ ಹಾಕುವ ಚೌಕಳಿ ನೇಯ್ಗೆಯ ಬಟ್ಟೆ) ಮೇಲೆ ಬಂದ ಬೂಷ್ಟಿನ ಚುಕ್ಕೆ ಹೋಗುವುದೇ ಇಲ್ಲ ಅನ್ನಬಹುದು. ಹತ್ತಿ ಬಟ್ಟೆಯ ಚೀಲ ಹೊಲಿದು ಅದರಲ್ಲಿ ಇಡಿ, ಅಡುಗೆಮನೆಯ ಒಲೆಯ ಗೋಡೆಯ ಆಚೆಗಿನ ಕಪಾಟಿನಲ್ಲಿಟ್ಟರೆ ಇನ್ನೂ ಒಳ್ಳೆಯದು. ಬಿಸಿಲು ಕಂಡ ದಿನ ಬಿಚ್ಚಿ ಗಾಳಿಗೆ ಹರಡಿ. ಸೂಜಿಯನ್ನು ಬಟ್ಟೆಯಲ್ಲಿ ಚುಚ್ಚಿ ಬಿಟ್ಟುಹೋಗಬೇಡಿ, ತುಕ್ಕಿನ ಕಲೆ ಆಗುತ್ತದೆ. ಬಟ್ಟೆ ಬಿಗಿಯಾಗಿ ಹಿಡಿಯುವ ರಿಂಗ್ ಅಂತೂ ಪ್ರತಿ ಸಂಜೆ ಬಿಚ್ಚಲೇಬೇಕು, ಇಲ್ಲದಿದ್ದರೆ ಸುತ್ತ ಕೊಳೆಯ ಗೆರೆ ಕೂರುತ್ತದೆ. ಇನ್ನೊಂದು ಮಾತು. ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟರಂದು ಮದ್ದು ಸೊಪ್ಪಿನ ಪಾಯಸ ಮಾಡಿದ ಕೈಯಲ್ಲಿ ಈ ಬಟ್ಟೆ ಮುಟ್ಟಬೇಡಿ. ಆ ನೇರಳೆ ಬಣ್ಣ ಬೆರಳ ಸಂದಿಯಲ್ಲಿ ಇರುವುದು ನಮಗೆ ಕಾಣುವುದಿಲ್ಲ, ಬಿಳಿ ಬಟ್ಟೆಗೆ ಕಾಣುತ್ತದೆ.

ಎಣಿಕೆ ತಪ್ಪದಿರಲು, ಬಟ್ಟೆಯ ಮೇಲೆ ಹತ್ತತ್ತು ಚೌಕಕ್ಕೆ ಒಂದರಂತೆ ತಿಳಿ ಬಣ್ಣದ ತೆಳು ದಾರ ಅಡ್ಡಕ್ಕೂ ಉದ್ದಕ್ಕೂ ಓಡಿಸಿ. ಕೊನೆಗೆ ಎಳೆದು ತೆಗೆದರಾಯಿತು. ಆಗ 140ರವರೆಗೆ ಎಣಿಸುವುದಿಲ್ಲ, ಹತ್ತರವರೆಗೆ ಮಾತ್ರ. ಚಾರ್ಟಿನಲ್ಲಿ ಮುಗಿದದ್ದರ ಮೇಲೆ ಬಣ್ಣದ ಪೆನ್ಸಿಲ್ ಎಳೆಯುತ್ತ ಹೋಗಿ. ಊರಿಗೆ ಹೊರಡುವ ಹಿಂದಿನ ದಿನ ಒಂದು ಹತ್ತರ ಚೌಕವನ್ನು ಮುಗಿಸಿಯೇ ನಿಲ್ಲಿಸಿ. ಮುಂದಿನದರಲ್ಲಿ ನಾಲ್ಕೈದು ಹೊಲಿಗೆ ಹಾಕಿ, ಆ ಬಣ್ಣದ ದಾರವನ್ನು ಅಲ್ಲೇ ಬಿಟ್ಟು, ಒಂದು ಚೀಟಿಯಲ್ಲಿ "ಎಡಗಡೆ ಮೂರನೇ ಕಂಬ, ಐಮರದ ಹಲಗೆ ಮೇಲಿನ ನೆರಳು, ಗಾಢ ಕಂದು" ಅಂತ ಬರೆದು ಚೀಲಕ್ಕೆ ಹಾಕಿ. ವಾಪಸ್ ಬಂದಾಗ ಎಲ್ಲಿದ್ದೆ ಅಂತ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ, ಆ ಬೇಸರಕ್ಕೇ ಎಷ್ಟೋ ಜನ ಮತ್ತೆ ಕೈ ಹಾಕುವುದಿಲ್ಲ. ಆ ನಾಲ್ಕು ಹೊಲಿಗೆ ನಿಮ್ಮನ್ನು ಎಳೆದು ಕೂರಿಸುತ್ತವೆ.

ಕೆನಡಾ ಪ್ರಯಾಣಕ್ಕೆ ಹೆಚ್ಚೇನೂ ಬೇಡ. ಕತ್ತರಿಯನ್ನು ಕೈಚೀಲದಲ್ಲಿ ಇಡಬೇಡಿ, ಚೆಕ್-ಇನ್ ಪೆಟ್ಟಿಗೆಗೆ ಹಾಕಿ. ದಾರವನ್ನು ಮನೆಯಲ್ಲೇ ಮೊಳದಷ್ಟು ಕತ್ತರಿಸಿ ಒಂದು ರಟ್ಟಿಗೆ ಸುತ್ತಿಕೊಳ್ಳಿ. ಸೂಜಿಯನ್ನು ಸಾಮಾನ್ಯವಾಗಿ ಬಿಡುತ್ತಾರೆ, ಆದರೂ ತಪಾಸಣೆಯಲ್ಲಿ ನಿಂತವರ ಮಾತೇ ಕೊನೆ. ಬೇಡ ಅಂದರೆ ವಾದ ಮಾಡದೆ ಕೊಟ್ಟುಬಿಡಿ. ಅಲ್ಲಿರುವಷ್ಟು ದಿನಕ್ಕೆ ಹತ್ತು ಪೊಟ್ಟಣ ಬೇಕಾಗಬಹುದು. ಮೂರರ ನಿಯಮ ಮುರಿಯುವುದು ಇಲ್ಲಿ ಮಾತ್ರ. ಐದು ಕೈಚೀಲದಲ್ಲಿ, ಐದು ಪೆಟ್ಟಿಗೆಯಲ್ಲಿ. ಗುರುತು ಹಾಕಲು ಇಸ್ತ್ರಿ ಬಿಸಿಗೆ ಮಾಯವಾಗುವ ಪೆನ್ ಬಳಸುವವರಾದರೆ ಬೇಡ. ಕೊರೆಯುವ ಚಳಿಯಲ್ಲಿ ಆ ಗೆರೆ ವಾಪಸ್ ಕಾಣಿಸಿಕೊಳ್ಳಬಹುದು. ನೀರಿಗೆ ಹೋಗುವ ನೀಲಿ ಪೆನ್ನಿಗೆ ಇದರ ತದ್ವಿರುದ್ಧ ಕಾಟ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಟ್ಟೆ ಇಟ್ಟರೆ ಗೆರೆ ಕಾಯಂ ಆಗಿಬಿಡಬಹುದು. ಸಾದಾ ಪೆನ್ಸಿಲಿನಿಂದ ಹಿಂಬದಿಗೆ ಎಳೆದುಕೊಳ್ಳಿ.

36 ಬ್ಲಾಕ್ ಮುಗಿದ ಮೇಲೆ ಅವುಗಳನ್ನು ಸೇರಿಸುವುದು, ನಡುವೆ ಹತ್ತಿಯ ಪದರ ಇಟ್ಟು ಕೆಳಗಿನ ಬಟ್ಟೆ ಜೋಡಿಸುವುದು, ಎಲ್ಲ ಮನೆಯಲ್ಲಿ. ಬ್ಲಾಕಿನಿಂದ ಬ್ಲಾಕಿಗೆ ಮೆಷಿನ್ ಹೊಲಿಗೆಯೇ ಹಾಕಿ. ಒಳಗೆ ಕೈ ಹೊಲಿಗೆ, ಹೊರಗೆ ಮೆಷಿನ್ ಅಂತ ಯಾರೂ ತಪ್ಪು ಹಿಡಿಯುವುದಿಲ್ಲ.

ಬಟ್ಟೆಯ ಬಗ್ಗೆ ಒಂದು ಎಚ್ಚರಿಕೆ ಉಳಿದಿದೆ. ಹೊಲಿಯುವ ಮೊದಲು ಕೆಂಪು ಸೀರೆಯ ತುಂಡನ್ನು ಬಿಸಿನೀರಲ್ಲಿ ನೆನೆಸಿ, ಬಿಳಿ ಕರ್ಚೀಫಿನ ಮೇಲೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ನೀರು ತಿಳಿಯಾಗುವವರೆಗೆ ತೊಳೆಯಬೇಕು, ಆಮೇಲೂ ಬಿಟ್ಟರೆ ಆ ಸೀರೆಯನ್ನು ಕ್ವಿಲ್ಟಿಗೆ ಸೇರಿಸಬೇಡಿ. ಹಾಗೆಯೇ ಪ್ರತಿ ಸೀರೆಯ ಒಂದು ತುಂಡನ್ನು ಎರಡು ಹೆಬ್ಬೆರಳ ನಡುವೆ ಅಡ್ಡಕ್ಕೂ ಉದ್ದಕ್ಕೂ ಎಳೆಯಿರಿ. ಅಮ್ಮಂದಿರು ಜಾಸ್ತಿ ಇಷ್ಟಪಟ್ಟು ಉಟ್ಟ ಸೀರೆಯೇ ಮೊದಲು ಹರಿಯುವುದು. ಸೊಂಟದ ಹತ್ತಿರ ಬಂದ ಭಾಗ ತೆಳುವಾಗಿರುತ್ತದೆ, ಸೆರಗು ಗಟ್ಟಿ ಇರುತ್ತದೆ. ಪರ್ ಅಂತ ಹರಿದರೆ ಆ ತುಂಡನ್ನು ಚೌಕಕ್ಕೆ ಬಳಸಬೇಡಿ, ಎಸೆಯಲೂ ಬೇಡಿ. ತೆಳು ಮಲ್ ಬಟ್ಟೆಯ ಮೇಲಿಟ್ಟು ಸುತ್ತ ಕಚ್ಚಾ ಹೊಲಿಗೆ ಹಾಕಿ ಎರಡನ್ನೂ ಸೇರಿಸಿ ಕತ್ತರಿಸಿದರೆ ಬಾಳುತ್ತದೆ. ಅದಕ್ಕೂ ತಡೆಯದಷ್ಟು ಜೀರ್ಣವಾಗಿದ್ದರೆ ಅದರ ಅಂಚನ್ನು ಮಾತ್ರ ಬಿಡಿಸಿ ಎತ್ತಿಡಿ. ಸೀರೆಯ ಅಂಚಿನ ನೇಯ್ಗೆ ಒಡಲಿಗಿಂತ ಬಿಗಿ. ಕ್ವಿಲ್ಟಿನ ನಾಲ್ಕೂ ಬದಿಗೆ ಕಟ್ಟಲು ಸುಮಾರು 300 ಇಂಚು ಪಟ್ಟಿ ಬೇಕು. ಒಂದು ಸೀರೆಯ ಎರಡು ಅಂಚು ಸೇರಿದರೆ ಅದಕ್ಕಿಂತ ಜಾಸ್ತಿಯೇ ಸಿಗುತ್ತದೆ.